ಟ್ರಾನ್ಸ್‌ಇಂಪೀಡೆನ್ಸ್ ಆಂಪ್ಲಿಫೈಯರ್: ಸಿಮ್ಯುಲೇಶನ್‌ನಲ್ಲಿ 3.8 ಮೆಗಾಹರ್ಟ್ಸ್, ಬೋರ್ಡಿನಲ್ಲಿ 2.6 – ದೋಷ ಹುಡುಕುವ ಕ್ರಮ

ಫೋಟೋಡಯೋಡಿನಿಂದ ಬರುವ ಮೈಕ್ರೋಆಂಪಿಯರ್ ಮಟ್ಟದ ಕರೆಂಟನ್ನು ವೋಲ್ಟೇಜಾಗಿ ಪರಿವರ್ತಿಸುವ ಟ್ರಾನ್ಸ್‌ಇಂಪೀಡೆನ್ಸ್ ಆಂಪ್ಲಿಫೈಯರ್ ಕಾಗದದ ಮೇಲೆ ಬಹಳ ಸರಳವಾಗಿ ಕಾಣುತ್ತದೆ: ಒಂದು ಆಪ್-ಆಂಪ್ (ಎರಡು ಇನ್‌ಪುಟ್‌ಗಳ ವೋಲ್ಟೇಜ್ ವ್ಯತ್ಯಾಸವನ್ನು ಬಹಳ ಪಟ್ಟು ಹಿಗ್ಗಿಸುವ ಚಿಪ್), ಅದರ ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಇನ್‌ಪುಟ್‌ಗೆ ಒಂದು ರೆಸಿಸ್ಟರ್, ಆ ರೆಸಿಸ್ಟರಿಗೆ ಸಮಾಂತರವಾಗಿ ಒಂದು ಪುಟ್ಟ ಕೆಪಾಸಿಟರ್. ಹೀಗಿದ್ದರೂ ಸಿಮ್ಯುಲೇಶನ್ ತೋರಿಸಿದ ಆವರ್ತನ ಪ್ರತಿಕ್ರಿಯೆಯೂ ಬೋರ್ಡಿನ ಮೇಲೆ ಅಳೆದದ್ದೂ ತಾಳೆಯಾಗದ ಸರ್ಕ್ಯೂಟುಗಳಲ್ಲಿ ಇದಕ್ಕೆ ಮುಂಚೂಣಿಯ ಸ್ಥಾನವಿದೆ. ತಾಳೆಯಾಗದಿದ್ದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಆ ಪುಟ್ಟ ಕೆಪಾಸಿಟರನ್ನು, ಅಂದರೆ ಫೀಡ್‌ಬ್ಯಾಕ್ ಕೆಪಾಸಿಟರನ್ನು, ಬದಲಿಸಿ ನೋಡುವುದು. ಅದು ತಪ್ಪು ಆರಂಭ ಎಂಬುದು ನನ್ನ ಅಭಿಪ್ರಾಯ. ಬ್ಯಾಂಡ್‌ವಿಡ್ತ್ (ಪ್ರತಿಕ್ರಿಯೆ 3 ಡೆಸಿಬೆಲ್ ಕುಸಿಯುವ ಆವರ್ತನ) ಎಂಬ ಒಂದೇ ಅಂಕಿಯಿಂದ ದೋಷ ಯಾವುದೆಂದು ಹೇಳಲು ಬರುವುದಿಲ್ಲ; ಪರಸ್ಪರ ಸಂಬಂಧವೇ ಇಲ್ಲದ ಎರಡು ದೋಷಗಳು ಅದೇ ಅಂಕಿಯನ್ನು ಕೊಡಬಲ್ಲವು. ಅದನ್ನು ಲೆಕ್ಕ ಸಮೇತ ತೋರಿಸಿ, ಆ ದೋಷಗಳನ್ನು ಬೇರ್ಪಡಿಸುವ ಕ್ರಮವನ್ನು ಕೆಳಗೆ ವಿವರಿಸಿದ್ದೇನೆ.

ಉದಾಹರಣೆಯ ಸರ್ಕ್ಯೂಟ್ ಮತ್ತು ಅದರ ಲೆಕ್ಕ

ಆಪ್-ಆಂಪ್ ಒಪಿಎ656, ಧನ ಮತ್ತು ಋಣ 5 ವೋಲ್ಟ್ ಸಪ್ಲೈ ಮೇಲೆ. ಇದರ ಗೇನ್-ಬ್ಯಾಂಡ್‌ವಿಡ್ತ್ ಗುಣಲಬ್ಧ 230 ಮೆಗಾಹರ್ಟ್ಸ್. ಇನ್‌ಪುಟ್ ಕೆಪಾಸಿಟೆನ್ಸ್ ಎಲ್ಲ ಸೇರಿ ಸುಮಾರು 3.5 ಪಿಕೋಫ್ಯಾರಡ್, ಇನ್‌ಪುಟ್ ವೋಲ್ಟೇಜ್ ನಾಯ್ಸ್ ಪ್ರತಿ ವರ್ಗಮೂಲ ಹರ್ಟ್ಸ್‌ಗೆ 7 ನ್ಯಾನೋವೋಲ್ಟ್. ಡಯೋಡ್ ಎಲ್ಲರಿಗೂ ಪರಿಚಿತವಾದ ಬಿಪಿಡಬ್ಲ್ಯು34. ಬಯಾಸ್ (ಡಯೋಡಿಗೆ ಕೊಡುವ ಸ್ಥಿರ ವೋಲ್ಟೇಜ್) ಇಲ್ಲದಿದ್ದಾಗ ಇದರ ಕೆಪಾಸಿಟೆನ್ಸ್ 70 ಪಿಕೋಫ್ಯಾರಡ್, 3 ವೋಲ್ಟ್ ರಿವರ್ಸ್ ಬಯಾಸ್‌ನಲ್ಲಿ 25. ಇಲ್ಲಿ ಕೊಟ್ಟಿರುವ 5 ವೋಲ್ಟ್‌ಗೆ 20 ಎಂದು ಹಿಡಿದಿದ್ದೇನೆ. ಬೋರ್ಡಿನ ಪಾಲು 1.5 ಎಂದಿಟ್ಟುಕೊಂಡರೆ ಇನ್ವರ್ಟಿಂಗ್ ನೋಡ್‌ನಲ್ಲಿ ಗ್ರೌಂಡಿಗೆ ಒಟ್ಟು 25 ಪಿಕೋಫ್ಯಾರಡ್ ಇರುತ್ತದೆ. ಫೀಡ್‌ಬ್ಯಾಕ್ ರೆಸಿಸ್ಟರ್ 100 ಕಿಲೋಓಮ್.

ಈ 25 ಪಿಕೋಫ್ಯಾರಡ್ ಮತ್ತು 100 ಕಿಲೋಓಮ್ ಸೇರಿ ನಾಯ್ಸ್ ಗೇನ್‌ನಲ್ಲಿ (ಆಪ್-ಆಂಪಿನ ಇನ್‌ಪುಟ್ ನಾಯ್ಸ್ ಔಟ್‌ಪುಟ್‌ಗೆ ಹಿಗ್ಗುವ ಪ್ರಮಾಣ) 64 ಕಿಲೋಹರ್ಟ್ಸ್ ಬಳಿ ಒಂದು ಝೀರೋ, ಅಂದರೆ ಏರಿಕೆ ಶುರುವಾಗುವ ತಿರುವು, ಮೂಡಿಸುತ್ತವೆ. ಅಲ್ಲಿಂದ ಮುಂದೆ ನಾಯ್ಸ್ ಗೇನ್ ಪ್ರತಿ ದಶಕಕ್ಕೆ 20 ಡೆಸಿಬೆಲ್‌ನಂತೆ ಏರುತ್ತದೆ, ಆಪ್-ಆಂಪಿನ ಓಪನ್-ಲೂಪ್ ಗೇನ್ (ಫೀಡ್‌ಬ್ಯಾಕ್ ಇಲ್ಲದಾಗಿನ ಗೇನ್) ಅದೇ ದರದಲ್ಲಿ ಇಳಿಯುತ್ತದೆ. ಎರಡೂ ಸಂಧಿಸುವ ಸ್ಥಳವೇ ಸರ್ಕ್ಯೂಟಿನ ಸಹಜ ಆವರ್ತನ. ಅದು 64 ಕಿಲೋಹರ್ಟ್ಸ್ ಮತ್ತು 230 ಮೆಗಾಹರ್ಟ್ಸ್‌ಗಳ ಗುಣೋತ್ತರ ಸರಾಸರಿ, ಅಂದರೆ ಸುಮಾರು 3.8 ಮೆಗಾಹರ್ಟ್ಸ್. ಸಂಧಿಸುವಲ್ಲಿ ಇಳಿಜಾರುಗಳ ವ್ಯತ್ಯಾಸ ದಶಕಕ್ಕೆ 40 ಡೆಸಿಬೆಲ್ ಆಗಿ ಉಳಿದರೆ ಪ್ರತಿಕ್ರಿಯೆಯಲ್ಲಿ ದೊಡ್ಡ ಉಬ್ಬು ಬರುತ್ತದೆ. ಅದನ್ನು ತಣಿಸುವುದೇ ಫೀಡ್‌ಬ್ಯಾಕ್ ಕೆಪಾಸಿಟರಿನ ಕೆಲಸ. ಉಬ್ಬಿಲ್ಲದೆ ಅತ್ಯಂತ ಸಮತಟ್ಟಾದ ಪ್ರತಿಕ್ರಿಯೆಗೆ, ಅಂದರೆ ಕ್ಯೂ ಮೌಲ್ಯ (ಉಬ್ಬು ಎಷ್ಟು ಚೂಪು ಎಂಬುದರ ಅಳತೆ) 0.7ಕ್ಕೆ, ಬೇಕಾಗುವ ಕೆಪಾಸಿಟರ್ 0.59 ಪಿಕೋಫ್ಯಾರಡ್. ಆಗ 3 ಡೆಸಿಬೆಲ್ ಬ್ಯಾಂಡ್‌ವಿಡ್ತ್ ಸಹಜ ಆವರ್ತನಕ್ಕೇ ಸಮವಾಗುತ್ತದೆ.

0.59 ಪಿಕೋಫ್ಯಾರಡ್ ಎಂದರೆ ಎಷ್ಟು ಅಲ್ಪ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಎರಡು ಸಾಲುಗಳ ನಡುವೆಯೇ ಇದರ ಹಲವು ಪಟ್ಟು ಕೆಪಾಸಿಟೆನ್ಸ್ ಇರುತ್ತದೆ. ಆದ್ದರಿಂದ ಈ ಸರ್ಕ್ಯೂಟನ್ನು ಬ್ರೆಡ್‌ಬೋರ್ಡಿನಲ್ಲಿ ಕಟ್ಟಿ ಅಳೆದವರಿಗೆ ಈ ಬರಹದಿಂದ ಉಪಯೋಗವಿಲ್ಲ, ಮೊದಲು ಬೋರ್ಡ್ ಮಾಡಿಸಬೇಕು.

ಒಂದೇ ಲಕ್ಷಣ, ಎರಡು ಕಾರಣ

ಬೆಳಕಿನ ಮೂಲಕ ಅಳೆದಾಗ 3.8ರ ಬದಲು 2.6 ಮೆಗಾಹರ್ಟ್ಸ್ ಬಂತು, ಉಬ್ಬು ಇಲ್ಲ ಎಂದುಕೊಳ್ಳೋಣ. ಇದಕ್ಕೆ ಮೊದಲ ಕಾರಣ ಹೀಗಿರಬಹುದು: ಲೆಕ್ಕದಂತೆ 0.6 ಪಿಕೋಫ್ಯಾರಡ್ ಕೆಪಾಸಿಟರ್ ಕೂರಿಸಿದ್ದೀರಿ, ಆದರೆ ರೆಸಿಸ್ಟರಿಗೂ ಅದರ ಪ್ಯಾಡುಗಳಿಗೂ ಸೇರಿ 0.2 ಪಿಕೋಫ್ಯಾರಡ್ ಸ್ವಂತ ಕೆಪಾಸಿಟೆನ್ಸ್ ಇರುವುದನ್ನು ಎಣಿಸಲಿಲ್ಲ. ಒಟ್ಟು 0.8 ಆದಾಗ ಕ್ಯೂ 0.52ಕ್ಕೆ ಇಳಿಯುತ್ತದೆ, ಬ್ಯಾಂಡ್‌ವಿಡ್ತ್ 2.6 ಮೆಗಾಹರ್ಟ್ಸ್‌ಗೆ ಬರುತ್ತದೆ. ಕಣ್ಣಿಗೆ ಕಾಣದ 0.2 ಪಿಕೋಫ್ಯಾರಡ್ ಬ್ಯಾಂಡ್‌ವಿಡ್ತ್‌ನ ಮೂರನೇ ಒಂದು ಪಾಲನ್ನು ನುಂಗಿತು.

ಎರಡನೆಯದು: ಆಂಪ್ಲಿಫೈಯರಿನಲ್ಲಿ ಏನೂ ತಪ್ಪಿಲ್ಲ, ಡಯೋಡೇ ನಿಧಾನ. ಬಿಪಿಡಬ್ಲ್ಯು34ರ ಏರಿಕೆ ಸಮಯ 10 ವೋಲ್ಟ್ ಬಯಾಸ್, 1 ಕಿಲೋಓಮ್ ಲೋಡ್ ಮತ್ತು 820 ನ್ಯಾನೋಮೀಟರ್ ಬೆಳಕಿನಲ್ಲಿ 100 ನ್ಯಾನೋಸೆಕೆಂಡ್ ಎಂದು ದತ್ತಾಂಶ ಹಾಳೆ ಹೇಳುತ್ತದೆ. 3.8 ಮೆಗಾಹರ್ಟ್ಸ್ ಆಂಪ್ಲಿಫೈಯರಿನ ಏರಿಕೆ ಸಮಯ 92 ನ್ಯಾನೋಸೆಕೆಂಡ್. ಇವೆರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 136 ನ್ಯಾನೋಸೆಕೆಂಡ್ ಸಿಗುತ್ತದೆ, 0.35ನ್ನು ಅದರಿಂದ ಭಾಗಿಸಿದರೆ ಮತ್ತೆ ಅದೇ 2.6 ಮೆಗಾಹರ್ಟ್ಸ್! ಸಿಮ್ಯುಲೇಶನ್‌ನಲ್ಲಿ ಡಯೋಡನ್ನು ಒಂದು ಕರೆಂಟ್ ಸೋರ್ಸ್ ಮತ್ತು ಒಂದು ಕೆಪಾಸಿಟರ್ ಎಂದು ಬರೆದವರಿಗೆ ಈ ನಿಧಾನ ಎಂದೂ ಕಾಣಿಸಿಕೊಳ್ಳುವುದಿಲ್ಲ. ಇಂಥ ಬೋರ್ಡಿನಲ್ಲಿ ಕೆಪಾಸಿಟರನ್ನು ಕಡಿಮೆ ಮಾಡಿದರೆ ಬ್ಯಾಂಡ್‌ವಿಡ್ತ್ ಸ್ವಲ್ಪ ಏರಿ ದೋಷ ಸಿಕ್ಕಿತೆಂಬ ಭ್ರಮೆ ಹುಟ್ಟುತ್ತದೆ, ಆದರೆ ವಾಸ್ತವದಲ್ಲಿ ಸರಿಯಿದ್ದ ಆಂಪ್ಲಿಫೈಯರನ್ನು ನಾವೇ ಅಸ್ಥಿರತೆಯ ಕಡೆಗೆ ತಳ್ಳಿರುತ್ತೇವೆ.

ಮೊದಲ ಪರೀಕ್ಷೆ: ಏನನ್ನೂ ಜೋಡಿಸದೆ ನಾಯ್ಸ್ ನೋಡುವುದು

ಆದ್ದರಿಂದ ಮೊದಲು ಸಿಗ್ನಲ್ ಕೊಡುವ ಗೋಜಿಗೇ ಹೋಗಬಾರದು. ಡಯೋಡನ್ನು ಅದರ ಜಾಗದಲ್ಲೇ ಬಿಟ್ಟು, ಬಯಾಸ್ ಕೊಟ್ಟು, ಬೆಳಕು ಬೀಳದಂತೆ ಮುಚ್ಚಿ, ಔಟ್‌ಪುಟ್‌ನಿಂದ 50 ಓಮ್ ಸರಣಿ ರೆಸಿಸ್ಟರ್ ಮೂಲಕ ಸ್ಪೆಕ್ಟ್ರಮ್ ಅನಲೈಸರಿಗೆ ಸಂಪರ್ಕ ಕೊಟ್ಟು ನಾಯ್ಸ್ ನೋಡಬೇಕು. ಆಪ್-ಆಂಪಿನ ಇನ್‌ಪುಟ್ ನಾಯ್ಸ್, ಏರುತ್ತಿರುವ ನಾಯ್ಸ್ ಗೇನ್‌ನಿಂದ ಗುಣಿಸಲ್ಪಟ್ಟು ಔಟ್‌ಪುಟ್‌ನಲ್ಲಿ ಒಂದು ಗುಡ್ಡದಂತೆ ಕಾಣುತ್ತದೆ. 100 ಕಿಲೋಓಮ್ ರೆಸಿಸ್ಟರಿನ ಉಷ್ಣ ನಾಯ್ಸ್ ಪ್ರತಿ ವರ್ಗಮೂಲ ಹರ್ಟ್ಸ್‌ಗೆ ಕೇವಲ 41 ನ್ಯಾನೋವೋಲ್ಟ್ ಆಗಿರುವುದರಿಂದ, ಕೆಲವು ನೂರು ಕಿಲೋಹರ್ಟ್ಸ್‌ನಿಂದ ಮೇಲೆ ಈ ಗುಡ್ಡದ್ದೇ ಮೇಲುಗೈ.

ಈ ಗುಡ್ಡದಲ್ಲಿ ಎರಡು ಸುದ್ದಿಗಳಿವೆ. ಅದರ ಶಿಖರ, ಕ್ಯೂ ಎಷ್ಟೇ ಇದ್ದರೂ, ಸಹಜ ಆವರ್ತನದ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಶಿಖರದ ಸ್ಥಾನ ಇನ್‌ಪುಟ್ ನೋಡ್‌ನ ಒಟ್ಟು ಕೆಪಾಸಿಟೆನ್ಸನ್ನು ಹೇಳುತ್ತದೆ. ಶಿಖರದ ಎತ್ತರ ಕ್ಯೂ ಮೌಲ್ಯಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಎತ್ತರ ಫೀಡ್‌ಬ್ಯಾಕ್ ಕೆಪಾಸಿಟೆನ್ಸನ್ನು ಹೇಳುತ್ತದೆ. ನಮ್ಮ ಸರ್ಕ್ಯೂಟ್ ಲೆಕ್ಕದಂತೆಯೇ ಇದ್ದರೆ ಶಿಖರ 3.8 ಮೆಗಾಹರ್ಟ್ಸ್‌ನಲ್ಲಿ, ಪ್ರತಿ ವರ್ಗಮೂಲ ಹರ್ಟ್ಸ್‌ಗೆ ಸುಮಾರು 300 ನ್ಯಾನೋವೋಲ್ಟ್ ಎತ್ತರದಲ್ಲಿ ಇರಬೇಕು. 50 ಓಮ್ ಸರಣಿ ರೆಸಿಸ್ಟರ್ ಮತ್ತು ಅನಲೈಸರಿನ 50 ಓಮ್ ಸೇರಿ ಇದನ್ನು ಅರ್ಧಕ್ಕೆ ಇಳಿಸುವುದನ್ನು ಮರೆಯಬಾರದು. ಫೀಡ್‌ಬ್ಯಾಕ್ 0.8 ಪಿಕೋಫ್ಯಾರಡ್ ಆಗಿದ್ದರೆ ಶಿಖರ ಅಲ್ಲೇ ಇದ್ದು ಎತ್ತರ 225ರ ಆಸುಪಾಸಿಗೆ ಇಳಿಯುತ್ತದೆ. ಕೆಪಾಸಿಟರ್ ಕೂರಿಸುವುದೇ ಬಿಟ್ಟುಹೋಗಿ ರೆಸಿಸ್ಟರಿನ ಸ್ವಂತ 0.2 ಮಾತ್ರ ಉಳಿದಿದ್ದರೆ ಎತ್ತರ 850ಕ್ಕೆ ಏರುತ್ತದೆ. ಸಿಗ್ನಲ್ ಪ್ರತಿಕ್ರಿಯೆಯಲ್ಲಿ ಇದೇ ದೋಷ 3.6 ಮೆಗಾಹರ್ಟ್ಸ್ ಬಳಿ 6.4 ಡೆಸಿಬೆಲ್ ಉಬ್ಬಾಗಿ, ಚೌಕ ಅಲೆಯಲ್ಲಿ 45% ಓವರ್‌ಶೂಟ್ (ಅಂತಿಮ ಮಟ್ಟ ಮೀರಿದ ಜಿಗಿತ) ಆಗಿ ಕಾಣುತ್ತದೆ. ಗುಡ್ಡದ ಸ್ಥಾನವೂ ಎತ್ತರವೂ ಸರಿಯಿದ್ದು ಬೆಳಕಿನ ಅಳತೆ ಮಾತ್ರ 2.6 ಎನ್ನುತ್ತಿದ್ದರೆ ಆಂಪ್ಲಿಫೈಯರ್ ನಿರ್ದೋಷಿ. ಡಯೋಡನ್ನೋ ಬೆಳಕಿನ ಮೂಲವನ್ನೋ ಶಂಕಿಸಬೇಕು.

ಶಿಖರ 2.2 ಮೆಗಾಹರ್ಟ್ಸ್‌ಗೆ ಸರಿದಿದ್ದು ಎತ್ತರ ಮೂರು ಪಟ್ಟು ಬೆಳೆದಿದ್ದರೆ ಇನ್‌ಪುಟ್ ಕೆಪಾಸಿಟೆನ್ಸ್ 75ರ ಹತ್ತಿರ ಹೋಗಿದೆ ಎಂದರ್ಥ, ಅಂದರೆ ಡಯೋಡಿಗೆ ಬಯಾಸ್ ತಲುಪುತ್ತಿಲ್ಲ. ಆಗ ಬೆಳಕಿನ ಅಳತೆಯಲ್ಲಿ ಬ್ಯಾಂಡ್‌ವಿಡ್ತ್ ಸುಮಾರು 3 ಮೆಗಾಹರ್ಟ್ಸ್, ಜೊತೆಗೆ 2.5 ಡೆಸಿಬೆಲ್ ಉಬ್ಬು ಕಾಣುವ ಸಂಭವವಿದೆ. ಇದರಲ್ಲಿ ಒಂದು ಮೋಸದ ಬಗೆಯಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಯಾಸ್ ಸಪ್ಲೈಯ ಗಲಾಟೆ ಒಳಬರದಿರಲೆಂದು ಡಯೋಡಿಗೆ ಸರಣಿಯಲ್ಲಿ 1 ಮೆಗಾಓಮ್ ಫಿಲ್ಟರ್ ರೆಸಿಸ್ಟರ್ ಹಾಕುವ ರೂಢಿ ಕೆಲವರಿಗಿದೆ. ಕತ್ತಲಲ್ಲಿ ಅದರ ಮೇಲೆ ವೋಲ್ಟೇಜ್ ಬೀಳುವುದಿಲ್ಲ, ಎಲ್ಲವೂ ಸರಿಯಾಗಿ ತೋರುತ್ತದೆ. ಕೋಣೆಯ ಬೆಳಕೋ ಲೇಸರಿನ ಸರಾಸರಿ ಬೆಳಕೋ 5 ಮೈಕ್ರೋಆಂಪಿಯರ್ ಹರಿಸಿದ ಕೂಡಲೇ 5 ವೋಲ್ಟ್ ಪೂರ್ತಿ ಆ ರೆಸಿಸ್ಟರಿನ ಮೇಲೆಯೇ ಬಿದ್ದು ಡಯೋಡ್ ಬಯಾಸ್ ಇಲ್ಲದ ಸ್ಥಿತಿಗೆ ಮರಳುತ್ತದೆ. ಕತ್ತಲ ಪರೀಕ್ಷೆಯಲ್ಲಿ ಪಾಸಾಗಿ ಬೆಳಕಿನಲ್ಲಿ ಫೇಲಾಗುವ ಬೋರ್ಡುಗಳಲ್ಲಿ ಇದನ್ನು ಮೊದಲು ನೋಡಬೇಕು. ಇದನ್ನು ಹಿಡಿಯಲು ನಾಯ್ಸ್ ಪರೀಕ್ಷೆಯನ್ನು ಬ್ಯಾಟರಿ ಟಾರ್ಚಿನ ಸ್ಥಿರ ಬೆಳಕು ಬಿಟ್ಟು ಇನ್ನೊಮ್ಮೆ ಮಾಡಿದರೆ ಸಾಕು: ಶಿಖರ ಎಡಕ್ಕೆ ಜಾರಿದರೆ ದೋಷ ಅದೇ. ಕೊಳವೆ ದೀಪ, ಮನೆಯ ಬಲ್ಬುಗಳು ಇದಕ್ಕೆ ಬೇಡ. ಅವುಗಳ 100 ಹರ್ಟ್ಸ್ ಮಿನುಗು ಅನಗತ್ಯ ತೊಂದರೆ.

ಎರಡನೆಯ ಪರೀಕ್ಷೆ: ಕರೆಂಟನ್ನು ಒಳಸೇರಿಸುವುದು

ನಾಯ್ಸ್‌ನಿಂದ ದೋಷದ ಜಾತಿ ತಿಳಿಯುತ್ತದೆ. ಪೂರ್ತಿ ವಕ್ರರೇಖೆ ಬೇಕೆಂದರೆ ಸಿಗ್ನಲ್ ಕೊಡಲೇಬೇಕು. ನೆಟ್‌ವರ್ಕ್ ಅನಲೈಸರ್ ವೋಲ್ಟೇಜ್ ಕೊಡುತ್ತದೆ, ನಮಗೆ ಬೇಕಾದದ್ದು ಕರೆಂಟ್. ಆದ್ದರಿಂದ ನಡುವೆ ಒಂದು ದೊಡ್ಡ ರೆಸಿಸ್ಟರ್ ಇಡುತ್ತೇವೆ. ಎಡವಟ್ಟು ಶುರುವಾಗುವುದು ಅಲ್ಲಿಯೇ. 1 ಮೆಗಾಓಮ್ ಇಟ್ಟರೆ ಆದರ್ಶ ಕರೆಂಟ್ ಸೋರ್ಸಿಗೆ ಹತ್ತಿರವಾಯಿತು ಎಂದು ತೋರುತ್ತದೆ, ಆದರೆ ಆ ರೆಸಿಸ್ಟರಿಗೆ 0.1 ಪಿಕೋಫ್ಯಾರಡ್ ಸ್ವಂತ ಕೆಪಾಸಿಟೆನ್ಸ್ ಇದ್ದರೂ 1.6 ಮೆಗಾಹರ್ಟ್ಸ್‌ನಿಂದ ಮೇಲೆ ಕರೆಂಟ್ ರೆಸಿಸ್ಟರನ್ನು ಬಿಟ್ಟು ಆ ಕೆಪಾಸಿಟೆನ್ಸ್ ಮೂಲಕ ನುಗ್ಗುತ್ತದೆ. ಪರದೆಯ ಮೇಲೆ ಬ್ಯಾಂಡ್‌ವಿಡ್ತ್ ಇರುವುದಕ್ಕಿಂತ ಹೆಚ್ಚಾಗಿ, ಕೆಲವೊಮ್ಮೆ ಉಬ್ಬಿನೊಡನೆ ಕಾಣುತ್ತದೆ. ಸಿಮ್ಯುಲೇಶನ್‌ಗಿಂತ ಬೋರ್ಡ್ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ, ಒಳಸೇರಿಸಲು ಬಳಸಿದ ರೆಸಿಸ್ಟರ್ ಎಷ್ಟು ಎಂಬುದು.

10 ಕಿಲೋಓಮ್ ಇಟ್ಟರೆ ಈ ತೊಂದರೆ 160 ಮೆಗಾಹರ್ಟ್ಸ್‌ಗೆ ದೂಡಲ್ಪಡುತ್ತದೆ, ಆದರೆ ಇನ್ನೊಂದು ಬರುತ್ತದೆ: ಲೂಪಿನ ದೃಷ್ಟಿಯಲ್ಲಿ ಆ ರೆಸಿಸ್ಟರ್ ಇನ್ವರ್ಟಿಂಗ್ ನೋಡ್‌ನಿಂದ ಗ್ರೌಂಡಿಗೆ ಕಟ್ಟಿದಂತೆ, ಕಡಿಮೆ ಆವರ್ತನಗಳಲ್ಲಿ ನಾಯ್ಸ್ ಗೇನ್ 1ರ ಬದಲು 11 ಆಗುತ್ತದೆ. ನಮ್ಮ ಸರ್ಕ್ಯೂಟಿನಲ್ಲಿ ಇದರಿಂದ ಕ್ಯೂ 0.63ಕ್ಕೂ ಬ್ಯಾಂಡ್‌ವಿಡ್ತ್ 3.3 ಮೆಗಾಹರ್ಟ್ಸ್‌ಗೂ ಇಳಿಯುತ್ತದೆ. ಎರಡರಲ್ಲಿ ನಾನು 10 ಕಿಲೋಓಮನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಅದರ ಪ್ರಭಾವವನ್ನು ನಿಖರವಾಗಿ ಲೆಕ್ಕ ಹಾಕಬಹುದು. ಪ್ಯಾಡಿನ ಮೇಲಿನ 0.1 ಪಿಕೋಫ್ಯಾರಡನ್ನು ಊಹಿಸಬೇಕಾಗುತ್ತದೆ. ಸಿಮ್ಯುಲೇಶನ್‌ನಲ್ಲಿಯೂ ಅದೇ ರೆಸಿಸ್ಟರನ್ನು ಸೇರಿಸಿ, 3.3 ಬರುತ್ತದೆಯೇ ಎಂದು ಹೋಲಿಸಿದರಾಯಿತು. ಅಳೆಯುವಾಗ ಡಯೋಡ್ ಬಯಾಸ್ ಸಮೇತ ಜಾಗದಲ್ಲೇ ಇರಬೇಕು, ರೆಸಿಸ್ಟರಿನ ದೇಹ ಇನ್ವರ್ಟಿಂಗ್ ಪಿನ್ನಿಗೆ ಅಂಟಿದಂತಿರಬೇಕು, ಕೇಬಲ್ ಅದರ ಆಚೆ ತುದಿಯಲ್ಲಿ 50 ಓಮ್‌ನೊಂದಿಗೆ ಮುಗಿಯಬೇಕು. 20 ಮಿಲಿವೋಲ್ಟ್ ಕೊಟ್ಟರೆ ಔಟ್‌ಪುಟ್ 200 ಮಿಲಿವೋಲ್ಟ್ ಆಗುತ್ತದೆ, ಅಷ್ಟು ಸಾಕು. ಮಟ್ಟವನ್ನು ಅರ್ಧಕ್ಕೆ ಇಳಿಸಿದಾಗ ವಕ್ರರೇಖೆಯ ಆಕಾರ ಬದಲಾದರೆ ಎಲ್ಲೋ ಸ್ಲೂ ರೇಟ್ (ಔಟ್‌ಪುಟ್ ಬದಲಾಗಬಲ್ಲ ಗರಿಷ್ಠ ವೇಗ) ಅಥವಾ ಸ್ಯಾಚುರೇಶನ್ (ಔಟ್‌ಪುಟ್ ತನ್ನ ಮಿತಿ ಮುಟ್ಟುವುದು) ಅಡ್ಡ ಬರುತ್ತಿದೆ.

ಆಸಿಲೋಸ್ಕೋಪಿನ ಪ್ರೋಬನ್ನು ಇನ್ವರ್ಟಿಂಗ್ ಪಿನ್ನಿಗೆ ಮುಟ್ಟಿಸುವ ಆಸೆಯನ್ನು ಹತ್ತಿಕ್ಕಬೇಕು. ಅದರ 10 ಪಿಕೋಫ್ಯಾರಡ್ 25ಕ್ಕೆ ಸೇರಿ ನೀವು ಅಳೆಯುತ್ತಿರುವುದು ಬೇರೆಯೇ ಸರ್ಕ್ಯೂಟ್ ಆಗಿಬಿಡುತ್ತದೆ. ಔಟ್‌ಪುಟ್‌ನಲ್ಲಿ ಪ್ರೋಬ್ ಇಡುವಾಗಲೂ 10 ಪಟ್ಟಿನ ಸ್ಥಾನದಲ್ಲಿ, ಚಿಕ್ಕ ಗ್ರೌಂಡ್ ಸ್ಪ್ರಿಂಗ್‌ನೊಂದಿಗೆ ಇಡುವುದು ಕ್ಷೇಮ.

ಮೂರನೆಯ ಪರೀಕ್ಷೆ: ಬೆಳಕು

ನಾಯ್ಸ್ ಮತ್ತು ಕರೆಂಟ್ ಪರೀಕ್ಷೆಗಳೆರಡೂ ಲೆಕ್ಕಕ್ಕೆ ಹೊಂದಿ, ಬೆಳಕು ಮಾತ್ರ ಹೊಂದದಿದ್ದರೆ ಡಯೋಡನ್ನು ಬಿಚ್ಚಿ, ಅದೇ ಬಯಾಸ್ ಕೊಟ್ಟು, ಆಸಿಲೋಸ್ಕೋಪಿನ 50 ಓಮ್ ಇನ್‌ಪುಟ್‌ಗೆ ನೇರವಾಗಿ ಜೋಡಿಸಬೇಕು. 50 ಓಮ್ ಮತ್ತು 20 ಪಿಕೋಫ್ಯಾರಡ್‌ಗಳ ಕಾಲಾಂಕ 1 ನ್ಯಾನೋಸೆಕೆಂಡ್ ಮಾತ್ರ. ಆದ್ದರಿಂದ ಪರದೆಯಲ್ಲಿ ಕಾಣುವ ಏರಿಕೆ ಸಮಯ ಡಯೋಡ್ ಮತ್ತು ಬೆಳಕಿನ ಮೂಲ ಇವೆರಡರದ್ದೇ. ಸಿಗ್ನಲ್ ಒಂದೆರಡು ಮಿಲಿವೋಲ್ಟ್ ಇರುವುದರಿಂದ ಸರಾಸರಿ ತೆಗೆಯುವ ಸೌಲಭ್ಯ ಬಳಸಬೇಕಾಗುತ್ತದೆ. ಬೆಳಕಿನ ಮೂಲವಾಗಿ ಬಿಳಿ ಎಲ್‌ಇಡಿ ಸಲ್ಲದು, ಅದರ ಫಾಸ್ಫರ್ ಆರುವುದೇ ನಿಧಾನ. ಲೇಸರ್ ಡಯೋಡನ್ನು ಅದರ ಹೊಸ್ತಿಲ ಕರೆಂಟಿಗಿಂತ ಮೇಲೆ ಸ್ಥಿರವಾಗಿ ಉರಿಸಿ ಅದರ ಮೇಲೆ ಚಿಕ್ಕ ಏರಿಳಿತ ಕೊಡುವುದು ಒಳ್ಳೆಯದು.

ಇಲ್ಲಿ ಬೆಳಕಿನ ಬಣ್ಣ ಮುಖ್ಯ. 650 ನ್ಯಾನೋಮೀಟರಿನ ಕೆಂಪು ಬೆಳಕು ಸಿಲಿಕಾನಿನ ಮೇಲ್ಪದರದಲ್ಲೇ ಹೀರಲ್ಪಡುತ್ತದೆ. 940 ನ್ಯಾನೋಮೀಟರಿನ ಅವಕೆಂಪು ಬಹಳ ಆಳಕ್ಕೆ ಇಳಿಯುತ್ತದೆ. ಬಯಾಸ್ ಕಡಿಮೆಯಿದ್ದಾಗ ವಿದ್ಯುತ್ ಕ್ಷೇತ್ರ ಅಷ್ಟು ಆಳದವರೆಗೆ ಹರಡಿರುವುದಿಲ್ಲ. ಅಲ್ಲಿ ಹುಟ್ಟಿದ ಚಾರ್ಜುಗಳು ಕ್ಷೇತ್ರದ ಸೆಳೆತವಿಲ್ಲದೆ ತೆವಳಿಕೊಂಡು ಬರುತ್ತವೆ. ಇದರ ಗುರುತು ಸ್ಪಷ್ಟ: ಅಂಚು ಚುರುಕಾಗಿ ಏರಿ, ಕೊನೆಯ ಸ್ವಲ್ಪ ಭಾಗ ಉದ್ದದ ಬಾಲದಂತೆ ಎಳೆಯುತ್ತದೆ. ಅದೇ ಡಯೋಡಿಗೆ ಕೆಂಪು ಬೆಳಕು ಬಿಟ್ಟಾಗ ಬಾಲ ಮಾಯವಾದರೆ ಚಿಕಿತ್ಸೆ ಬೇಕಾದದ್ದು ಆಂಪ್ಲಿಫೈಯರಿಗಲ್ಲ, ಬಯಾಸಿಗೆ. ತಯಾರಕರ ಮಿತಿಯೊಳಗೆ ಅದನ್ನು ಏರಿಸಬೇಕು. ಬಯಾಸ್ ಏರಿಸಿದಾಗ ಡಯೋಡಿನ ಕೆಪಾಸಿಟೆನ್ಸೂ ಇಳಿದು ಸಹಜ ಆವರ್ತನ ಮೇಲೆ ಹೋಗುವುದರಿಂದ ನಾಯ್ಸ್ ಗುಡ್ಡವನ್ನು ಮತ್ತೊಮ್ಮೆ ನೋಡಿ ಕ್ಯೂ ಮೌಲ್ಯ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ತಪ್ಪು ಸಿಮ್ಯುಲೇಶನ್‌ನದ್ದೇ ಆಗಿದ್ದರೆ

ಎಲ್‌ಟಿಸ್ಪೈಸ್‌ನಂಥ ತಂತ್ರಾಂಶದಲ್ಲಿ 1 ಆಂಪಿಯರ್ ಎಸಿ ಸೋರ್ಸ್ ಕೊಟ್ಟಾಗ ಔಟ್‌ಪುಟ್ 100 ಡೆಸಿಬೆಲ್ ಎಂದು ಕಾಣುತ್ತದೆ. ಅದು 100 ಕಿಲೋಓಮ್‌ನ ಇನ್ನೊಂದು ರೂಪ ಅಷ್ಟೇ. ಎಸಿ ವಿಶ್ಲೇಷಣೆಗೆ ಸಪ್ಲೈ ಮಿತಿಯ ಅರಿವಿರುವುದಿಲ್ಲವಾದ್ದರಿಂದ ಒಂದು ಲಕ್ಷ ವೋಲ್ಟ್ ಕಂಡು ಗಾಬರಿಯಾಗಬೇಕಿಲ್ಲ. ಗಮನಿಸಬೇಕಾದದ್ದು ಆಪ್-ಆಂಪಿನ ಮಾಡೆಲಿನೊಳಗೆ ಇನ್‌ಪುಟ್ ಕೆಪಾಸಿಟೆನ್ಸ್ ಇದೆಯೇ ಎಂಬುದು. ಇನ್‌ಪುಟ್ ಪಿನ್ನಿಗೆ ನೇರವಾಗಿ 1 ವೋಲ್ಟ್ ಎಸಿ ಕೊಟ್ಟು 1 ಮೆಗಾಹರ್ಟ್ಸ್‌ನಲ್ಲಿ ಕರೆಂಟ್ ನೋಡಿ: 3.5 ಪಿಕೋಫ್ಯಾರಡ್ ಇದ್ದರೆ 22 ಮೈಕ್ರೋಆಂಪಿಯರ್ ಹರಿಯಬೇಕು. ಹರಿಯದಿದ್ದರೆ ಕೆಪಾಸಿಟರನ್ನು ಹೊರಗಿನಿಂದ ಸೇರಿಸಬೇಕು; ಹರಿಯುತ್ತಿದ್ದರೆ ಸೇರಿಸಬಾರದು, ಎರಡು ಬಾರಿ ಎಣಿಸಿದಂತಾಗುತ್ತದೆ. ಫೀಡ್‌ಬ್ಯಾಕ್ ರೆಸಿಸ್ಟರಿಗೆ ಸಮಾಂತರವಾಗಿ 0.1ರಿಂದ 0.2 ಪಿಕೋಫ್ಯಾರಡ್, ಡಯೋಡಿಗೆ ಬಯಾಸ್‌ಗೆ ತಕ್ಕ ಕೆಪಾಸಿಟೆನ್ಸ್, ಔಟ್‌ಪುಟ್‌ನಲ್ಲಿ ನಿಜವಾಗಿ ಇರುವ ಲೋಡ್, ಇವು ಸೇರದ ಸಿಮ್ಯುಲೇಶನ್ ಬೋರ್ಡಿನ ಚಿತ್ರವಲ್ಲ. ಲೂಪ್ ಗೇನ್ (ಫೀಡ್‌ಬ್ಯಾಕ್ ಲೂಪನ್ನು ಒಮ್ಮೆ ಸುತ್ತಿದ ಸಿಗ್ನಲ್ ಪಡೆಯುವ ಗೇನ್) ನೋಡಲು ಲೂಪನ್ನು ಕತ್ತರಿಸದೆ, ಎಲೆಕ್ಟ್ರಾನಿಕ್ಸ್ ತಜ್ಞ ಮಿಡಲ್‌ಬ್ರೂಕ್ 1975ರಲ್ಲಿ ವಿವರಿಸಿದಂತೆ ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಸರದಿಯಲ್ಲಿ ಒಳಸೇರಿಸುವ ವಿಧಾನ ಉತ್ತಮ. ಕತ್ತರಿಸಿದರೆ ಇನ್‌ಪುಟ್ ಕೆಪಾಸಿಟೆನ್ಸಿನ ಹೊರೆ ಲೆಕ್ಕದಿಂದ ಜಾರಿಹೋಗುವ ಅಪಾಯವಿದೆ.

ದುರಸ್ತಿ

ದೋಷ ಫೀಡ್‌ಬ್ಯಾಕ್ ಕೆಪಾಸಿಟೆನ್ಸಿನದ್ದು ಎಂದು ನಾಯ್ಸ್ ಗುಡ್ಡ ಖಚಿತಪಡಿಸಿದ ಮೇಲೆಯೇ ಬೆಸುಗೆ ಕಡ್ಡಿ ಹಿಡಿಯಬೇಕು. 100 ಕಿಲೋಓಮ್ ಬದಲು 49.9 ಕಿಲೋಓಮಿನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಕೂರಿಸಿದರೆ ಅವುಗಳ ಸ್ವಂತ ಕೆಪಾಸಿಟೆನ್ಸೂ ಸರಣಿಯಾಗಿ ಅರ್ಧವಾಗುತ್ತದೆ: 0.2 ಇದ್ದದ್ದು 0.1. ಅದಕ್ಕೆ ಸಮಾಂತರವಾಗಿ 0.5 ಪಿಕೋಫ್ಯಾರಡ್ ಹಾಕಿದರೆ ಒಟ್ಟು 0.6 ಆಗುತ್ತದೆ. ಬೋರ್ಡನ್ನು ಮತ್ತೆ ಮಾಡಿಸುವುದಾದರೆ ಇನ್ವರ್ಟಿಂಗ್ ಪಿನ್ನಿನ ಕೆಳಗೂ ಫೀಡ್‌ಬ್ಯಾಕ್ ರೆಸಿಸ್ಟರಿನ ಕೆಳಗೂ ಗ್ರೌಂಡ್ ತಾಮ್ರವನ್ನು ತೆಗೆಯಬೇಕು.

ಆದರೆ ಇಷ್ಟು ಮಾಡಿಯೂ ಹತ್ತು ಬೋರ್ಡುಗಳು ಹತ್ತು ರೀತಿ ಅಳೆದರೆ ಅಚ್ಚರಿಪಡಬಾರದು. ಇಂಥ ಕೆಪಾಸಿಟರುಗಳಿಗೆ 0.1 ಪಿಕೋಫ್ಯಾರಡ್ ಹೆಚ್ಚುಕಡಿಮೆ ಸಾಮಾನ್ಯ ಸಹಿಷ್ಣುತೆ. ಒಟ್ಟು 0.7 ಆದ ಬೋರ್ಡಿನಲ್ಲಿ ಬ್ಯಾಂಡ್‌ವಿಡ್ತ್ 3.1 ಮೆಗಾಹರ್ಟ್ಸ್, 0.5 ಆದದ್ದರಲ್ಲಿ ಮೂರನೇ ಒಂದು ಡೆಸಿಬೆಲ್ ಉಬ್ಬಿನೊಂದಿಗೆ 4.3. ಆದ್ದರಿಂದ ಈ ವಿನ್ಯಾಸಕ್ಕೆ ಕನಿಷ್ಠ 3 ಮೆಗಾಹರ್ಟ್ಸ್ ಎಂದು ಬರೆದುಕೊಡಬಹುದೇ ಹೊರತು 3.8 ಎಂದಲ್ಲ. ಅದಕ್ಕಿಂತ ಬಿಗಿಯಾದ ಹಿಡಿತ ಬೇಕಾದವರು ಫೀಡ್‌ಬ್ಯಾಕ್ ರೆಸಿಸ್ಟರನ್ನು 10 ಕಿಲೋಓಮ್‌ಗೆ ಇಳಿಸಿ, ಮುಂದೆ ಹತ್ತು ಪಟ್ಟಿನ ಎರಡನೇ ಹಂತ ಇಟ್ಟುಕೊಳ್ಳಬೇಕು. ಆಗ ಬೇಕಾಗುವ ಕೆಪಾಸಿಟರ್ 1.9 ಪಿಕೋಫ್ಯಾರಡ್, ಮೊದಲ ಹಂತದ ಬ್ಯಾಂಡ್‌ವಿಡ್ತ್ 12 ಮೆಗಾಹರ್ಟ್ಸ್. ಬದಲಿಗೆ ತೆರಬೇಕಾದ ಬೆಲೆ, ಕಡಿಮೆ ಆವರ್ತನಗಳಲ್ಲಿ ಇನ್‌ಪುಟ್‌ಗೆ ಲೆಕ್ಕ ಹಾಕಿದ ರೆಸಿಸ್ಟರಿನ ಕರೆಂಟ್ ನಾಯ್ಸ್ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುವುದು.